ನೀನು ಹೋದ ಮೇಲೆ ಬಂದ ನಿನ್ನ ಕಾಗದಗಳು

ಅವ್ವಾ,

ಓದು ಬಾರದ ನಿನಗೆ ಮತ್ತೆ ಕಾಗದ ಬರೆಯಲು ಕೂತಿದ್ದೇನೆ. ಮೊದಲೂ ಬರೆಯುತ್ತಿದ್ದೆನಲ್ಲ, ಆಗ ತಂಗಿ ಗೌರಿ ಓದಿ ಹೇಳುತ್ತಿದ್ದಳು. ಈಗ ಓದಿ ಹೇಳುವವರು ಯಾರು ಎಂದುಕೊಂಡರೆ ಕೈ ನಿಂತುಬಿಡುತ್ತದೆ. ಅದಕ್ಕೇ ಆ ಯೋಚನೆ ಬಿಟ್ಟು ಬರೆಯುತ್ತೇನೆ. ನಿನಗೆ ಹೇಳಬೇಕಾದ್ದು ಏಳು ವರ್ಷದ್ದಿದೆ. ಅದರಲ್ಲಿ ಒಂದು ದಿನದ ಸಂಗತಿಯನ್ನು ನಾನು ಯಾರ ಮುಂದೂ ಪೂರ್ತಿಯಾಗಿ ಹೇಳಿಲ್ಲ. ಜಪಾನಿನಲ್ಲಿ ಕಳೆದ ನನ್ನ ಇಪ್ಪತ್ತೆರಡನೆಯ ಹುಟ್ಟಿದ ದಿನ ಅದು.

ನಾನು ಹೊರಟ ಬೆಳಿಗ್ಗೆ ನಿನಗೆ ನೆನಪಿರಬೇಕು. ಚಾಮರಾಜಪೇಟೆಯ ನಮ್ಮ ಮನೆಯ ಮುಂದೆ ಜಟಕಾ ನಿಂತಿತ್ತು. ಚಿಕ್ಕಪೇಟೆಯ ನಮ್ಮ ಅಂಗಡಿಗೆ ಬರುವ ಗಿರಾಕಿಗಳೆಲ್ಲ ಜಪಾನಿನ ರೇಷ್ಮೆಯನ್ನೇ ಕೇಳುತ್ತಾರೆ, ಅವರ ನೂಲಿನ ಗುಟ್ಟು ಕಲಿತು ಬರಲಿ ಎಂದು ಅಪ್ಪಾಜಿ ನನ್ನನ್ನು ಕಳಿಸುತ್ತಿದ್ದರು. ನೀನು ಬಾಗಿಲಲ್ಲಿ ನಿಂತು, "ಹುಳ ಸಾಕೋದು ಕಲಿಯೋಕೆ ಸಮುದ್ರ ದಾಟ್ಬೇಕೇನ್ರೀ? ಇಲ್ಲೇ ಚನ್ನಪಟ್ಟಣದಲ್ಲಿ ಹುಳ ಇಲ್ವಾ?" ಎಂದೆ. ಅಪ್ಪಾಜಿ ನನ್ನ ಪೆಟ್ಟಿಗೆಯನ್ನು ಜಟಕಾದೊಳಗೆ ಇಟ್ಟರು. ನೀನು ವಿಭೂತಿಯ ಗಟ್ಟಿಯನ್ನೂ ಚಟ್ನಿಪುಡಿಯನ್ನೂ ಬೇರೆಬೇರೆ ಕಟ್ಟಿ ಕೊಟ್ಟು, ಎರಡೂ ಬೆರೆತುಹೋಗದಂತೆ ನೋಡಿಕೋ ಎಂದು ಮೂರು ಸಲ ಹೇಳಿದೆ. ಅಳಲಿಲ್ಲ. ಜಟಕಾ ತಿರುವಿಗೆ ಹೋದ ಮೇಲೆ ಅತ್ತೆಯಂತೆ, ಗೌರಿ ಬರೆದಿದ್ದಳು.

ನಿನ್ನ ಮೊದಲನೆಯ ಕಾಗದ ಬಂದ ದಿನ ನಾನು ಒಬ್ಬನೇ ಕೂತು ಜೋರಾಗಿ ನಕ್ಕಿದ್ದೆ. ಆಗ ಗೌರಿಗೆ ಹನ್ನೆರಡು ವರ್ಷ. ನೀನು ಅಡಿಗೆಮನೆಯ ಹೊಸ್ತಿಲಲ್ಲಿ ಅಕ್ಕಿ ಆರಿಸುತ್ತ ಹೇಳುವುದು, ಅವಳು ಎದುರಿಗೆ ಕೂತು ಬರೆಯುವುದು. ಏನನ್ನೂ ಬಿಡದೆ ಬರೆಯಬೇಕು ಎಂದು ನೀನು ಹೇಳಿದ್ದಕ್ಕೆ ಅವಳು ನಿಜವಾಗಿಯೂ ಏನನ್ನೂ ಬಿಟ್ಟಿರಲಿಲ್ಲ. "ಬಸೂಗೆ ಅವ್ವನ ಆಶೀರ್ವಾದ. ಇಲ್ಲಿ ಎಲ್ಲರೂ ಕ್ಷೇಮ. ಥೂ, ಈ ಬೆಕ್ಕು ಮತ್ತೆ ಬಂತು, ಓಡಿಸೇ ಅದನ್ನ. ಚಳಿಗೆ ಶಾಲು ಹೊದ್ಕೋ." ಹಾಗೇ ಇತ್ತು, ಬೆಕ್ಕಿನ ಸಮೇತ. ಆ ಕಾಗದದಲ್ಲಿ ನಿನ್ನ ದನಿ ಕೇಳುತ್ತಿತ್ತು. ಪ್ರತಿ ತಿಂಗಳೂ ಅಪ್ಪಾಜಿಯ ನಾಲ್ಕು ಸಾಲಿನ ಜೊತೆ ಅದೇ ಲಕೋಟೆಯಲ್ಲಿ ನಿನ್ನ ಕಾಗದವೂ ಬರುತ್ತಿತ್ತು.

ಕಿಮುರಾ ಎಂಬ ಸಹಪಾಠಿಯ ಬಗ್ಗೆ ನಿನಗೆ ಬರೆದಿದ್ದೆ. ಕ್ಯೋಟೋದ ರೇಷ್ಮೆ ಶಾಲೆಯಲ್ಲಿ ನನ್ನ ಪಕ್ಕ ಕೂರುತ್ತಿದ್ದವನು; ಕುಳ್ಳಗೆ, ಗುಂಡು ಮುಖ, ಯಾವಾಗಲೂ ಪ್ರಶ್ನೆ ಕೇಳುವವನು. ಎದೆಯ ಮೇಲೆ ನೇತಾಡುವ ನನ್ನ ಇಷ್ಟಲಿಂಗದ ಬೆಳ್ಳಿ ಕರಡಿಗೆ ನೋಡಿ, ಇದೇನು, ಒಳಗೆ ಏನಿದೆ, ಸ್ನಾನ ಮಾಡುವಾಗಲೂ ಯಾಕೆ ತೆಗೆಯುವುದಿಲ್ಲ ಎಂದು ಮೊದಲ ವಾರವೇ ಕೇಳಿ ತಿಳಿದುಕೊಂಡಿದ್ದ. ಒಂದು ದಿನ ಅವನು, "ನಿನಗೆಷ್ಟು ವಯಸ್ಸು?" ಎಂದ. ಕಾರ್ತಿಕಕ್ಕೆ ಇಪ್ಪತ್ತೆರಡು ತುಂಬುತ್ತದೆ ಎಂದೆ. ಅವನಿಗೆ ಅರ್ಥವಾಗಲಿಲ್ಲ. ಅವರ ಕಡೆ ಹೊಸ ವರ್ಷ ಬಂದಾಗ ಊರಿಗೆ ಊರೇ ಒಟ್ಟಿಗೆ ಒಂದು ವರ್ಷ ದೊಡ್ಡದಾಗುತ್ತದೆ. "ಒಬ್ಬೊಬ್ಬರಿಗೆ ಒಂದೊಂದು ದಿನ ಇದೆಯಾ? ಆ ದಿನ ಏನು ಮಾಡ್ತೀರಿ?" ಎಂದು ಕೇಳಿದ. ಅವ್ವ ತಲೆಗೆ ಎಣ್ಣೆ ಹಚ್ಚಿ ನೀರು ಹಾಕುತ್ತಾಳೆ, ಹೊಸ ಪಂಚೆ ಕೊಡುತ್ತಾಳೆ, ಪಾಯಸ ಮಾಡುತ್ತಾಳೆ ಎಂದೆ. "ಹಾಗಾದರೆ ನಾವು ಅದನ್ನೆಲ್ಲ ಮಾಡೋಣ" ಎಂದ. ನನ್ನನ್ನು ಬಿಟ್ಟು ಎಂಟು ಜನರಿದ್ದ ನಮ್ಮ ತರಗತಿಗೆಲ್ಲ ಸುದ್ದಿ ಹಬ್ಬಿಸಿಬಿಟ್ಟ.

ಆ ವರ್ಷ ಲೋಕಕ್ಕೆಲ್ಲ ಹಬ್ಬಿದ ಜ್ವರ ಅಲ್ಲಿಗೂ ಬಂದಿತ್ತು, ಅವ್ವ. ತರಗತಿಯಲ್ಲಿ ನಾಲ್ಕು ಜನ ಮಲಗಿ ಎದ್ದರು. ಬೀದಿಯಲ್ಲಿ ಎಲ್ಲರೂ ಮೂಗಿಗೆ ಬಿಳಿ ಬಟ್ಟೆ ಕಟ್ಟಿಕೊಂಡು ಓಡಾಡುತ್ತಿದ್ದರು. ಹಿಂದೂಸ್ತಾನದಲ್ಲಿ ಇನ್ನೂ ಹೆಚ್ಚಂತೆ ಎಂದು ಕಿಮುರಾನೇ ಪತ್ರಿಕೆ ನೋಡಿ ಹೇಳಿದ. ನನಗೆ ಊಟ ಸೇರದಾಯಿತು. ಅಷ್ಟರಲ್ಲಿ, ನನ್ನ ದಿನಕ್ಕೆ ಮೂರು ದಿನ ಮುಂಚೆ, ಲಕೋಟೆ ಬಂತು. ಮೊದಲು ಅಪ್ಪಾಜಿಯ ಕಾಗದ ತೆಗೆದೆ. "ಇಲ್ಲಿ ಜ್ವರವಿದೆ. ನಾವೆಲ್ಲ ಕ್ಷೇಮ. ನಿನ್ನ ತಾಯಿಯ ಕಾಗದ ಜೊತೆಗಿದೆ. ಓದಿನ ಕಡೆ ಗಮನ ಕೊಡು." ಅವತ್ತು ಹೊಟ್ಟೆ ತುಂಬ ಉಂಡೆ. ನಿನ್ನ ಕಾಗದವನ್ನು ಮಡಿಕೆ ಬಿಚ್ಚದೆ ಹಾಗೇ ಇಟ್ಟುಕೊಂಡೆ. ಹುಟ್ಟಿದ ದಿನವೇ ಓದೋಣ ಎಂದು…

ಆ ಮಧ್ಯಾಹ್ನ ಹೇಗಿತ್ತು ಎಂದು ನಿನಗೆ ಹೇಳಬೇಕು. ನಾನಿದ್ದ ಮನೆಯ ಯಜಮಾನಿ, ಅರವತ್ತು ದಾಟಿದ ವಿಧವೆ, ಹಬ್ಬದ ದಿನಗಳಲ್ಲಿ ಮಾಡುವ ಕೆಂಪು ಅನ್ನ ಮಾಡಿದ್ದಳು. ಅಕ್ಕಿಯ ಜೊತೆ ಸಣ್ಣ ಕೆಂಪು ಕಾಳು ಬೇಯಿಸಿ ಮಾಡುವುದು. ನನಗಾಗಿ ಮೀನಿನ ರಸ ತಗುಲದ ಪಾತ್ರೆಯನ್ನು ನೆರೆಮನೆಯಿಂದ ಕೇಳಿ ತಂದಿದ್ದಳು. ಹೆಂಗಸರು ತಲೆಗೆ ಹಚ್ಚಿಕೊಳ್ಳುವ ಎಣ್ಣೆಯ ಸೀಸೆಯೊಂದನ್ನು ಕಿಮುರಾ ತನ್ನ ತಂಗಿಯಿಂದ ಕದ್ದು ತಂದಿದ್ದ. ನನ್ನನ್ನು ಹಿತ್ತಿಲಿನ ಕಲ್ಲಿನ ಮೇಲೆ ಕೂರಿಸಿ, ಎಂಟು ಜನರೂ ಸಾಲಾಗಿ ಬಂದು ನನ್ನ ತಲೆಗೆ ಒಂದೊಂದು ಅಂಗೈ ಎಣ್ಣೆ ಸುರಿದರು. ಒಬ್ಬ ಕಿವಿಯೊಳಗೇ ಸುರಿದ. ಬಿಸಿನೀರು ಹಾಕಿದರು. ಎಷ್ಟು ಉಜ್ಜಿದರೂ ಎಣ್ಣೆ ಹೋಗಲಿಲ್ಲ. ನಾನು ಅಷ್ಟು ನಕ್ಕದ್ದು ಆ ಊರಿಗೆ ಹೋದ ಮೇಲೆ ಅದೇ ಮೊದಲು. ನಕ್ಕೆ ಅವ್ವ. ಹೊಟ್ಟೆ ಹಿಡಿದುಕೊಂಡು ನಕ್ಕೆ.

ಊಟವಾದ ಮೇಲೆ ನಿನ್ನ ಕಾಗದ ಬಿಚ್ಚಿದೆ. ಎಲ್ಲರೂ ಓದು ಓದು ಎಂದರು. ಮೊದಲು ಕನ್ನಡದಲ್ಲಿ ಓದಿ, ಆಮೇಲೆ ನನಗೆ ಬರುವ ಹರಕು ಜಪಾನಿಯಲ್ಲಿ ಹೇಳಿದೆ. "ಬಸೂಗೆ ಅವ್ವನ ಆಶೀರ್ವಾದ. ಈ ಕಾಗದ ಸಿಗೋ ಹೊತ್ತಿಗೆ ನಿನ್ನ ಹುಟ್ಟಿದ ದಿನ ಹತ್ರ ಬಂದಿರುತ್ತೆ. ತಲೆಗೆ ಎಣ್ಣೆ ಹಚ್ಕೋ. ಪೇಟೇಲಿ ಜ್ವರ ಇದೆ, ನಮಗ್ಯಾರಿಗೂ ಏನೂ ಆಗಿಲ್ಲ. ಹೊಟ್ಟೆ ತುಂಬ ಉಣ್ಣು. ಗೌರೀ, ಹಾಲು ಉಕ್ತಿದೆ ನೋಡೇ, ಪೆನ್ನು ಆಮೇಲೆ ಹಿಡಿಯುವಂತೆ." ಹಾಲಿನ ಮಾತು ಬಂದಾಗ ನಿನ್ನ ಹಾಗೇ ಕೈ ಬೀಸಿ ತೋರಿಸಿದೆ. ಎಲ್ಲರೂ ಬಿದ್ದುಬಿದ್ದು ನಕ್ಕರು. ಮನೆಯ ಯಜಮಾನಿ ಕಣ್ಣೊರೆಸಿಕೊಂಡು, "ತಾಯಂದಿರೆಲ್ಲ ಒಂದೇ" ಎಂದಳು. ಆಗ ಕಿಮುರಾ ಎದ್ದು ನಿಂತ. ನಿಮ್ಮ ಊರು ಯಾವ ದಿಕ್ಕಿಗಿದೆ ಎಂದು ಕೇಳಿದ. ಪಡುವಣಕ್ಕೆ ಕೈ ತೋರಿಸಿದೆ. ಎಂಟು ಜನರೂ ಆ ಕಡೆ ಸಾಲಾಗಿ ನಿಂತು, ತಲೆಬಾಗಿ, ಎರಡೂ ಕೈ ಎತ್ತಿ, "ಬಾನ್ಜಾಯ್" ಎಂದು ಮೂರು ಸಲ ಕೂಗಿದರು. ಹತ್ತು ಸಾವಿರ ವರ್ಷ ಬಾಳಲಿ ಎಂದು ಅದರ ಅರ್ಥ. ನೀನು ಬಾಳಲಿ ಎಂದು ಕೂಗಿದ್ದು ಅವ್ವ. ನಾನೂ ಕೂಗಿದೆ, ಎಲ್ಲರಿಗಿಂತ ಜೋರಾಗಿ.

ಅವತ್ತಿಗೆ ನೀನು ಮಣ್ಣು ಸೇರಿ ನಲವತ್ತೆಂಟು ದಿನವಾಗಿತ್ತು.

ಅದಾದ ಮೇಲೂ ಇಪ್ಪತ್ತು ತಿಂಗಳು ನಿನ್ನ ಕಾಗದಗಳು ಬಂದವು. ಒಂದು ತಿಂಗಳೂ ತಪ್ಪಲಿಲ್ಲ. ಸಂಕ್ರಾಂತಿಗೆ ಎಳ್ಳು ಬೀರಿದ್ದು, ಬಸವನಗುಡಿಯ ಕಡಲೆಕಾಯಿ ಪರಿಷೆಯಲ್ಲಿ ನಿನ್ನ ಚಪ್ಪಲಿ ಕಳೆದದ್ದು, ಪಕ್ಕದ ಮನೆಯವರ ಮಗಳ ಮದುವೆಯಲ್ಲಿ ಸಾರಿಗೆ ಉಪ್ಪು ಹೆಚ್ಚಾದದ್ದು. ನಾನು ಎಲ್ಲದಕ್ಕೂ ಉತ್ತರ ಬರೆದೆ. ಚಪ್ಪಲಿಗೆ ತಮಾಷೆ ಮಾಡಿ ಬರೆದೆ. ಒಂದು ಸಲವಾದರೂ ಅನುಮಾನ ಬರಬೇಡವೆ? ಹೆತ್ತ ತಾಯಿ ಇಲ್ಲವೆಂದು ಮಗನಿಗೆ ಹೇಗೋ ತಿಳಿದುಬಿಡುತ್ತದೆ ಎನ್ನುತ್ತಾರಲ್ಲ, ನನಗೆ ಯಾಕೆ ತಿಳಿಯಲಿಲ್ಲ? ಒಂದು ಕೆಟ್ಟ ಕನಸೂ ಬೀಳಲಿಲ್ಲ. ಚೆನ್ನಾಗಿ ಉಂಡೆ, ಚೆನ್ನಾಗಿ ಓದಿದೆ, ತರಗತಿಗೆ ಎರಡನೆಯವನಾಗಿ ತೇರ್ಗಡೆಯಾದೆ.

ಬೆಂಗಳೂರಿನ ಸ್ಟೇಷನ್ನಿನಲ್ಲಿ ಇಳಿದಾಗ ಅಪ್ಪಾಜಿ ಒಬ್ಬರೇ ನಿಂತಿದ್ದರು. "ಅವ್ವ ಬರ್ಲಿಲ್ವಾ?" ಎಂದೆ. "ಮನೆಗೆ ಹೋಗೋಣ" ಎಂದರು. ಜಟಕಾದಲ್ಲಿ ನಾನು ಒಂದೇ ಸಮ ಮಾತಾಡಿದೆ. ನಿನಗೆಂದು ನಾನೇ ನೂಲು ತೆಗೆದು ನೇಯ್ದ ಅಡಿಕೆ ಬಣ್ಣದ ರೇಷ್ಮೆ ಪೆಟ್ಟಿಗೆಯಲ್ಲಿತ್ತು. ಅದರ ವಿಷಯ ಹೇಳಿದೆ. ಅವರು ರಸ್ತೆ ನೋಡುತ್ತ ಕೂತಿದ್ದರು. ಮನೆಯ ಬಾಗಿಲಲ್ಲಿ ಗೌರಿ ಇದ್ದಳು, ಗುರುತು ಸಿಗದಷ್ಟು ಎತ್ತರವಾಗಿ. ನನ್ನನ್ನು ನೋಡಿದವಳು ಸರಕ್ಕನೆ ಒಳಗೆ ಹೋದಳು. ನಾನು ಅಡಿಗೆಮನೆಗೆ ಹೋಗಿ ನೋಡಿದೆ. ದೇವರಕೋಣೆ ನೋಡಿದೆ. ಹಿತ್ತಿಲಿಗೂ ಹೋಗಿ ಬಂದೆ.

ಅಪ್ಪಾಜಿ ನಡುಮನೆಯ ಕಂಬಕ್ಕೆ ಕೈಯಿಟ್ಟು ನಿಂತು ಹೇಳಿದರು. "ನಿಮ್ಮವ್ವ ಇಲ್ಲ ಬಸೂ. ಆ ವರ್ಷದ ಜ್ವರದಲ್ಲೇ ಹೋದ್ಲು. ದಸರಾಕ್ಕೆ ಮುಂಚೆ."

"ಕಾಗದ ಬರ್ತಿತ್ತಲ್ಲ ಅಪ್ಪಾಜಿ?"

ಅವರು ಒಳಬಾಗಿಲಿನ ಕಡೆ ನೋಡಿದರು. ಬಾಗಿಲ ಸಂದಿಯಲ್ಲಿ ಗೌರಿಯ ಲಂಗದ ಅಂಚು ಕಾಣುತ್ತಿತ್ತು.

"ಯಾಕೆ ತಿಳಿಸ್ಲಿಲ್ಲ?"

"ಓದು ಬಿಟ್ಟು ಬಂದ್ಬಿಡ್ತಿದ್ದೆ."

"ಬರ್ತಿದ್ದೆ."

"ಬಂದು ಏನ್ ಮಾಡ್ತಿದ್ದೆ? ನೀನು ಬರೋ ಹೊತ್ತಿಗೆ ಎಲ್ಲಾ ಮುಗಿದು ಎರಡು ತಿಂಗಳಾಗಿರ್ತಿತ್ತು."

"ಅಳ್ತಿದ್ದೆ ಅಪ್ಪಾಜಿ. ಇನ್ನೇನ್ ಮಾಡ್ತಿದ್ದೆ?"

ಅವರು ಕಂಬದಿಂದ ಕೈ ತೆಗೆದರು. "ಅವಳೇ ಹೇಳಿದ್ಲು, ಬಸೂಗೆ ತಿಳಿಸ್ಬೇಡಿ ಅಂತ" ಎಂದು ಹೇಳಿ ಅಂಗಡಿಗೆ ಹೊರಟುಹೋದರು. ನೀನೇ ಹೇಳಿದ್ದೆ ಎಂದ ಮೇಲೆ ನಾನೇನು ಮಾತಾಡಲಿ? ವಿಶ್ವೇಶ್ವರಪುರದಲ್ಲಿ ಕೋಣೆ ಹಿಡಿದು ಬೇರೆ ಇದ್ದೆ. ಅಂಗಡಿಯ ಕೆಲಸಕ್ಕೆ ಹೋಗಿ ಬರುತ್ತಿದ್ದೆ. ಅವರ ಜೊತೆ ಬೇಕಾದ್ದಕ್ಕಿಂತ ಒಂದು ಮಾತು ಹೆಚ್ಚು ಆಡಲಿಲ್ಲ. ಗೌರಿಯ ಮುಖವನ್ನೂ ನೇರವಾಗಿ ನೋಡಲಿಲ್ಲ. ಅವಳು ಮಗು ಎನ್ನುವುದು ನನಗೆ ಹೊಳೆಯಲೇ ಇಲ್ಲ ಅವ್ವ. ಆ ಅಕ್ಷರ ಅವಳದ್ದು, ಮೋಸವೂ ಅವಳದ್ದು ಅಂತ…

ಆಮೇಲೆ ಒಂದು ಬೆಳಿಗ್ಗೆ ಮನೆಗೆ ಹೋಗಿದ್ದೆ. ಅವಳು ಹಿತ್ತಿಲಲ್ಲಿ ಪಾತ್ರೆ ತಿಕ್ಕುತ್ತಿದ್ದಾಗ ನಾನು ಕೇಳಿಯೇಬಿಟ್ಟೆ. "ಹಾಲು ಉಕ್ತಿದೆ ಅಂತ ಬರೆದೆಯಲ್ಲೇ. ಅದನ್ನ ಯಾಕೆ ಬರೆದೆ?" ಅವಳು ಬೂದಿಯ ಕೈಯಲ್ಲೇ ಕೂತು ಎಲ್ಲವನ್ನೂ ಹೇಳಿದಳು. ಬೀದಿಯ ಎಲ್ಲ ಮನೆಯಲ್ಲೂ ಜನ ಮಲಗಿದ್ದಾಗ ನೀನು ದೊಡ್ಡ ತಪ್ಪಲೆಯಲ್ಲಿ ಗಂಜಿ ಮಾಡಿ ಮನೆಮನೆಗೆ ಕೊಟ್ಟು ಬಂದದ್ದು; ನಾಲ್ಕನೆಯ ದಿನ ನೀನೇ ಮಲಗಿದ್ದು; ಅಪ್ಪಾಜಿ ಡಾಕ್ಟರನ್ನು ಹುಡುಕಿಕೊಂಡು ಮಲ್ಲೇಶ್ವರದವರೆಗೂ ಹೋಗಿ ಒಬ್ಬರೇ ವಾಪಸು ಬಂದದ್ದು. ಮೂರು ದಿನದಲ್ಲಿ ಮುಗಿಯಿತಂತೆ. ನಿನ್ನನ್ನು ಕೂರಿಸಿ ಹೊರಲು ಬಿದಿರಿನ ವಿಮಾನ ಕಟ್ಟುವವರೂ ಸಿಗಲಿಲ್ಲವಂತೆ. ಹೊತ್ತವರು ಅಂಗಡಿಯ ಇಬ್ಬರು ಹಮಾಲಿಗಳು, ಪಕ್ಕದ ಮನೆಯ ಯಜಮಾನರು, ಅಪ್ಪಾಜಿ. ನಾಲ್ಕೇ ಜನ.

"ಒಂಬತ್ತನೇ ದಿನ ಅಪ್ಪಾಜಿ ಕಾಗದ ತಂದು ಮುಂದೆ ಇಟ್ರು ಅಣ್ಣ. ನಿಮ್ಮವ್ವ ಹೇಳೋ ಹಾಗೆ ಬರಿ ಅಂದ್ರು. ನಂಗೆ ಬರಲ್ಲ ಅಂದೆ. ಬರಿ ಅಂದ್ರು. ಹೊಸ್ತಿಲ ಹತ್ರ ಹೋಗಿ ಕೂತ್ಕೊಂಡೆ. ಅವ್ವ ಮಧ್ಯೆ ಮಧ್ಯೆ ಬೈತಿದ್ಲಲ್ಲ, ಅದಿಲ್ದಿದ್ರೆ ನಿಂಗೆ ಗೊತ್ತಾಗ್ಬಿಡುತ್ತೆ ಅನ್ಸ್ತು. ಅದಕ್ಕೇ ಹಾಲು ಬರೆದೆ. ಒಲೆ ಮೇಲೆ ಏನೂ ಇರ್ಲಿಲ್ಲ. ಒಲೇನೇ ಹಚ್ಚಿರ್ಲಿಲ್ಲ."

ಮತ್ತೊಂದು ಸಂಗತಿಯನ್ನೂ ಅವಳೇ ಹೇಳಿದಳು. ಅದನ್ನು ಹೇಗೆ ಬರೆಯಲಿ? ಒಂದು ಕಾಗದದಲ್ಲಿ, "ಗೌರಿಗೆ ಹದಿನಾಲ್ಕು ತುಂಬಿತು. ಎಣ್ಣೆನೀರು ಹಾಕಿದೆ. ಹೋಳಿಗೆ ಮಾಡಿದ್ದೆ, ನಾಲ್ಕು ತಿಂದ್ಲು" ಎಂದಿತ್ತು. ನಾನು ಅದಕ್ಕೆ, "ಹೊಟ್ಟೆಬಾಕಿ ಗೌರಿ, ನನಗೆ ಒಂದಾದರೂ ಇಡಬಾರದಿತ್ತೆ?" ಎಂದು ಬರೆದಿದ್ದೆ. ಆ ದಿನ ಅವಳ ಹುಟ್ಟಿದ ದಿನ ಎಂದು ಮನೆಯಲ್ಲಿ ಯಾರಿಗೂ ನೆನಪಿರಲಿಲ್ಲ. ಅನ್ನ, ತಿಳಿಸಾರು ಮಾಡಿ ಅಪ್ಪಾಜಿಗೆ ಬಡಿಸಿ, ಆಮೇಲೆ ಕೂತು ಆ ಕಾಗದ ಬರೆದಳಂತೆ. ನನ್ನ ಉತ್ತರ ಬಂದಾಗ ನಿನಗೆ ಓದುವಂತೆಯೇ ಅಪ್ಪಾಜಿಗೆ ಜೋರಾಗಿ ಓದಬೇಕಿತ್ತು. ಅದನ್ನೂ ಓದಿದಳು. ಬಾನ್ಜಾಯ್ ಕೂಗಿದ್ದನ್ನು ಬರೆದ ಕಾಗದವನ್ನೂ ಅವಳೇ ಓದಿದ್ದು. ಅಪ್ಪಾಜಿ ಅರ್ಧದಲ್ಲೇ ಎದ್ದು ಹಿತ್ತಿಲಿಗೆ ಹೋದರಂತೆ. ಅವಳು ಯಾರೂ ಇಲ್ಲದ ನಡುಮನೆಯಲ್ಲಿ ಕೊನೆಯ ಸಾಲಿನವರೆಗೂ ಓದಿ ಮಡಿಸಿಟ್ಟಳಂತೆ. "ನಿಲ್ಸು ಅಂತ ಯಾರೂ ಹೇಳ್ಲಿಲ್ಲ ಅಣ್ಣ" ಎಂದಳು.

ಅವತ್ತೇ ಕೋಣೆ ಖಾಲಿ ಮಾಡಿ ಮನೆಗೆ ವಾಪಸು ಬಂದೆ. ಗೌರಿಗೆ ಗಂಡು ನೋಡುವ ಮಾತು ಬಂದಾಗ ಅವಳು, ಡಾಕ್ಟರ ಓದು ಓದುತ್ತೇನೆ ಎಂದಳು. ಅಪ್ಪಾಜಿ ಎರಡು ಸಲ ಆಗುವುದಿಲ್ಲ ಎಂದರು. ಮೂರನೆಯ ಸಲ ಅವಳು, "ಅವತ್ತು ಮಲ್ಲೇಶ್ವರದ ತನಕ ಹೋಗಿದ್ರಲ್ಲ ಅಪ್ಪಾಜಿ" ಎಂದಳು, ಅಷ್ಟೇ. ಅವರು ರುಮಾಲು ಸುತ್ತಿಕೊಂಡರು. ಮರುವರ್ಷ ಅವಳನ್ನು ಮದರಾಸಿಗೆ ಬಿಟ್ಟು ಬಂದವರು ಅವರೇ.

ಕಳೆದ ತಿಂಗಳು ಅಪ್ಪಾಜಿ ಅಂಗಡಿಯಲ್ಲಿ ಕೂತಿದ್ದಂತೆಯೇ ಬಲಗೈ ಬಲಗಾಲು ಸೋತು ಉರುಳಿದರು. ಮನೆಗೆ ತಂದು ಮಲಗಿಸಿದೆವು. ಮಾತು ತೊದಲಾಗಿತ್ತು. ಅವರು ಮೊದಲು ಹೇಳಿದ್ದೇ, "ಗೌರಿಗೆ ಬರೀಬೇಡ. ಪರೀಕ್ಷೆ ಇದೆ. ಮುಗೀಲಿ." ನಾನು ಹೂಂ ಎಂದೆ. ಅವಳಿಗೆ ವಾರದ ಕಾಗದ ಬರೆಯಲು ಕೂತೆ. "ಅಪ್ಪಾಜಿ ಚೆನ್ನಾಗಿದ್ದಾರೆ" ಎಂದು ಬರೆದೆ. ಎಷ್ಟು ಸಲೀಸಾಗಿ ಬಂತು ಗೊತ್ತೆ ಅವ್ವ? ಅವಳ ಓದು ಕೆಡದಿರಲಿ, ಪರೀಕ್ಷೆಗೆ ಇನ್ನು ಹದಿನೈದೇ ದಿನ, ಬಂದು ಅವಳೇನು ಮಾಡುತ್ತಾಳೆ… ಎಲ್ಲವೂ ಅಪ್ಪಾಜಿಯ ಮಾತುಗಳೇ, ನನ್ನ ತಲೆಯೊಳಗೆ. ಅವರು ಹೇಗೆ ಆ ಸುಳ್ಳು ಬರೆಸಿರಬಹುದು ಎಂದು ಆಗ ಅರ್ಥವಾಯಿತು. ಅರ್ಥವಾದದ್ದರಿಂದಲೇ ಹೆದರಿಕೆಯಾಯಿತು. ಕಾಗದ ಹರಿದು, ತಂತಿ ಕಚೇರಿಗೆ ನಡೆದೆ.

ಮೂರನೆಯ ದಿನ ಗೌರಿ ಬಂದಳು. ಅಪ್ಪಾಜಿ ಕಣ್ಣು ಬಿಟ್ಟು, "ಪರೀಕ್ಷೆ?" ಎಂದರು. "ಮುಂದಿನ ಸಲ ಬರೀತೀನಿ" ಎಂದು ಅವಳು ಅವರ ಕೈ ಹಿಡಿದು ನಾಡಿ ನೋಡಿದಳು. ಅವರು ನನ್ನ ಕಡೆ ನೋಡಿದರು. ಬೈಯುತ್ತಾರೆ ಎಂದುಕೊಂಡೆ. ಬೈಯಲಿಲ್ಲ. ಎರಡು ದಿನ ಕಳೆದ ಮೇಲೆ ಗೌರಿ ಗಂಜಿ ಕುಡಿಸುತ್ತಿದ್ದಾಗ ಲೋಟವನ್ನು ಎಡಗೈಯಿಂದ ಸರಿಸಿ, "ಬಸೂ, ನಿಮ್ಮವ್ವ ತಿಳಿಸ್ಬೇಡಿ ಅನ್ಲಿಲ್ಲ" ಎಂದರು.

"ಹೋಗ್ಲಿ ಬಿಡಿ ಅಪ್ಪಾಜಿ."

"ಕರೆಸಿ ಅಂದ್ಲು. ಬಸೂನ ಕರೆಸಿ ಅಂತ ಎರಡು ಸಲ ಅಂದ್ಲು. ನಾನು ಹೂಂ ಅಂದೆ."

ಗೌರಿ ಲೋಟವನ್ನು ನೆಲಕ್ಕಿಟ್ಟಳು. ಅವಳಿಗೂ ಅದು ತಿಳಿದಿರಲಿಲ್ಲ.

ನೀನು ಕರೆದೆ. ಕರೆಸಿದ್ದರೂ ನಾನು ಸಮಯಕ್ಕೆ ಬಂದು ಮುಟ್ಟುತ್ತಿರಲಿಲ್ಲ, ಅದು ನನಗೂ ಗೊತ್ತು. ಆದರೆ ನೀನು ಕರೆದದ್ದು ನನಗೆ ಗೊತ್ತಿರಲಿಲ್ಲ. ಅವ್ವ ನನ್ನನ್ನು ಬೇಡವೆಂದು ಹೋದಳು, ಓದೇ ಮುಖ್ಯ ಎಂದುಕೊಂಡು ಹೋದಳು ಎಂದು ನಾನು ಇಷ್ಟು ವರ್ಷ ಒಳಗೊಳಗೇ ನಿನ್ನ ಮೇಲೂ ಮುನಿಸಿಕೊಂಡಿದ್ದೆ. ಅದನ್ನು ಮನಸ್ಸಿನಲ್ಲಿ ಇಟ್ಟುಕೋಬೇಡ. ಅಪ್ಪಾಜಿ ಅಳುತ್ತಿದ್ದರು, ಅರ್ಧ ಮುಖ ಮಾತ್ರ ಅಳುತ್ತಿತ್ತು. ನನ್ನ ಪಂಚೆಯ ಸೆರಗಿನಿಂದ ಅವರ ಬಾಯಿ ಒರೆಸಿದೆ. ಕ್ಷಮಿಸಿದೆನೋ ಇಲ್ಲವೋ ನನಗೇ ತಿಳಿಯದು. ಒಂಬತ್ತು ದಿನವಾದ ಮೇಲೆ ಅವರು ಹೋದರು, ಮಧ್ಯಾಹ್ನ, ನಾವಿಬ್ಬರೂ ಪಕ್ಕದಲ್ಲಿದ್ದಾಗ. ಈ ಸಲ ಹೊರಲು ಪೇಟೆಯ ಅರ್ಧ ಜನ ಬಂದಿದ್ದರು. ನಿನ್ನ ಪಕ್ಕದಲ್ಲೇ ಇಟ್ಟಿದ್ದೇವೆ.

ಇವತ್ತು ಬೆಳಿಗ್ಗೆ ಗೌರಿಯನ್ನು ಮದರಾಸಿನ ರೈಲು ಹತ್ತಿಸಿ ಬಂದೆ. ಆರು ತಿಂಗಳಾದ ಮೇಲೆ ಪರೀಕ್ಷೆ. ರೈಲು ಹೊರಡುವಾಗ ಅವಳು ಕಿಟಕಿಯಿಂದ ಬಗ್ಗಿ, "ಏನಿದ್ರೂ ಬರಿ ಅಣ್ಣ, ಒಳ್ಳೇದೇ ಬರೀಬೇಕು ಅಂತಿಲ್ಲ" ಎಂದಳು. ಬರೀತೀನಿ ಎಂದು ಮಾತು ಕೊಟ್ಟೆ. ನಿನ್ನ ಕಾಗದ ಮುಗಿಸಿ ಅವಳ ಕಾಗದ ಹಿಡಿಯಬೇಕು. ಮನೆ ಖಾಲಿಯಾಗಿದೆ, ಅಂಗಡಿಗೆ ಹೋಗಲು ಮನಸ್ಸಿಲ್ಲ, ಬೆಳಿಗ್ಗೆಯಿಂದ ಏನೂ ಉಂಡಿಲ್ಲ ಎಂದು ಬರೆಯುತ್ತೇನೆ. ಕ್ಷೇಮ ಎಂದು ಬರೆಯುವುದಿಲ್ಲ.

ನಿನ್ನ
ಬಸೂ